ಕಾನ್ಫರೆನ್ಸಿನಲ್ಲಿ ಓಪನ್ ಸೋರ್ಸ್ ಬಗ್ಗೆ ಮಾತಾಡಬೇಕಾ? ಟೂಲ್ ಎಲ್ಲಿ ಕೈಕೊಟ್ಟಿತೋ ಅಲ್ಲಿಂದ ಶುರು ಮಾಡಿ

ನಾನು ಮೊದಲ ಸಲ ಮೈಕ್ ಹಿಡಿದಿದ್ದು ಬೆಂಗಳೂರಿನ ಒಂದು ಶನಿವಾರದ ಮೀಟಪ್‌ನಲ್ಲಿ. ಮೂವತ್ತು ಕುರ್ಚಿ, ಹದಿನೆಂಟು ಜನ, ಅದರಲ್ಲಿ ಇಬ್ಬರು ಖಂಡಿತ ಸಮೋಸಾಗೆ ಬಂದವರು. ನನ್ನ ವಿಷಯ ಟೆಸರಾಕ್ಟ್. ಅಚ್ಚಾದ ಪುಟದ ಚಿತ್ರ ಕೊಟ್ಟರೆ ಅದರಲ್ಲಿರುವ ಅಕ್ಷರಗಳನ್ನು ಓದಿ ಟೈಪ್ ಮಾಡಿದ ಹಾಗೆ ಕೊಡುವ ಓಪನ್ ಸೋರ್ಸ್ ಟೂಲ್ ಅದು, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಾಯಿಸಿ ಬಳಸಬಹುದು. ಹೀಗೆ ಚಿತ್ರದಿಂದ ಅಕ್ಷರ ಓದೋದಕ್ಕೆ ಓಸಿಆರ್ ಅನ್ನುತ್ತಾರೆ. ಊರಿನ ಲೈಬ್ರರಿಯಲ್ಲಿದ್ದ, ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಕೆಲವು ಕನ್ನಡ ಪುಸ್ತಕಗಳನ್ನು ನಾನು ಅದರಲ್ಲಿ ಓದಿಸುತ್ತಿದ್ದೆ.

ಹತ್ತು ನಿಮಿಷ ಕೊಟ್ಟಿದ್ದರು. ನಾನು ಏನು ಹೇಳಿದೆ ಗೊತ್ತಾ? 1985ರಲ್ಲಿ ಎಚ್‌ಪಿಯಲ್ಲಿ ಶುರುವಾಯಿತು, 2005ರಲ್ಲಿ ಓಪನ್ ಸೋರ್ಸ್ ಆಯಿತು, 2006ರಿಂದ ಗೂಗಲ್ ಅದರ ಹಿಂದೆ ನಿಂತಿತು, 2018ರ ನಾಲ್ಕನೇ ಆವೃತ್ತಿಯಲ್ಲಿ ನ್ಯೂರಲ್ ನೆಟ್‌ವರ್ಕ್ ಬಂತು, ಇನ್‌ಸ್ಟಾಲ್ ಮಾಡೋದು ಹೀಗೆ, ಆಪ್ಶನ್‌ಗಳು ಇವು. ಅಷ್ಟರಲ್ಲಿ ಟೈಮ್ ಮುಗಿಯಿತು. ಎಲ್ಲರೂ ಫೋನ್ ನೋಡುತ್ತಿದ್ದರು. ಬೈಯೋಕೂ ಆಗಲ್ಲ, ಅಷ್ಟನ್ನೂ ಅವರು ಅದೇ ಫೋನಿನಲ್ಲಿ ನನಗಿಂತ ಬೇಗ ಓದಿಕೊಳ್ಳಬಹುದಿತ್ತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈ ಎತ್ತಿ ಕೇಳಿದ: "ಸರ್, ಇದು ನಿಮಗೆ ಎಲ್ಲಿ ಕೈಕೊಡ್ತು?"

ಆಗ ಸೊನ್ನೆ ಕಥೆ ಹೇಳಿದೆ. ಒಂದು ಪುಸ್ತಕ ಪೂರ್ತಿ ಓದಿಸಿ ಮುಗಿಸಿದ್ದೆ. ಪರದೆ ಮೇಲೆ ನೋಡಿದರೆ ಪುಟ ಅಚ್ಚುಕಟ್ಟಾಗಿದೆ, ಆದರೆ ಬೆಂಗಳೂರು ಅಂತ ಹುಡುಕಿದರೆ ಎಷ್ಟೋ ಕಡೆ ಸಿಗುತ್ತಲೇ ಇಲ್ಲ. ಕಣ್ಣೆದುರಿಗೆ ಕಾಣುತ್ತಿರುವ ಪದವನ್ನು ಕಂಪ್ಯೂಟರ್ ಇಲ್ಲ ಅನ್ನುತ್ತಿದೆ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅಲ್ಲಿದ್ದದ್ದು ಅನುಸ್ವಾರದ ಸೊನ್ನೆ ಅಲ್ಲ, ಅಂಕಿಯ ಸೊನ್ನೆ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಯೂನಿಕೋಡ್ ಅನ್ನುವ ಪಟ್ಟಿಯ ಒಂದು ಸಂಖ್ಯೆಯಿಂದ ಗುರುತಿಸುತ್ತದೆ, ಈ ಎರಡು ಸೊನ್ನೆಗೂ ಬೇರೆ ಬೇರೆ ಸಂಖ್ಯೆ. ಬೆಂಗಳೂರು, ಬೆ೦ಗಳೂರು. ಎರಡೂ ಒಂದೇ ಥರ ಕಾಣುತ್ತಿವೆ ಅಲ್ವಾ? ಮೊದಲನೆಯದನ್ನು ಕಾಪಿ ಮಾಡಿ ಈ ಪುಟದಲ್ಲೇ ಹುಡುಕಿ, ಎರಡನೆಯದು ಸಿಗುವುದಿಲ್ಲ.

ಇದನ್ನು ಹೇಳೋಕೆ ಮೂರು ನಿಮಿಷ ಸಾಕಾಯಿತು. ಫೋನ್‌ಗಳು ಕೆಳಗಿಳಿದವು. ಸಮೋಸಾದವರೂ ತಿನ್ನೋದು ನಿಲ್ಲಿಸಿದರು. ಆಮೇಲೆ ನಾನು ಕೊಟ್ಟ ಟಾಕ್‌ಗಳೆಲ್ಲ ಆ ಹುಡುಗನ ಪ್ರಶ್ನೆಗೆ ಉತ್ತರಗಳೇ. ಈ ಬರಹವೂ ಅದನ್ನೇ ಹಿಡಿದುಕೊಂಡು ಹೋಗುತ್ತದೆ.

ವಿಷಯ ಹುಡುಕೋದು

"ನಾನು ಯಾವ ಟೂಲನ್ನೂ ಬರೆದಿಲ್ಲ, ನಾನೇನು ಮಾತಾಡಲಿ" ಅನ್ನುವವರು ಜಾಸ್ತಿ. ಬರೆದಿರಬೇಕಾಗಿಲ್ಲ. ಬರೆದವರಿಗೆ ತಮ್ಮ ಟೂಲ್ ಎಲ್ಲಿ ಬಳಕೆದಾರರ ಕಾಲಿಗೆ ತೊಡರುತ್ತದೆ ಅಂತ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಅದು ಗೊತ್ತಿರೋದು ದಿನಾ ಅದರ ಜೊತೆ ಗುದ್ದಾಡುವ ನಿಮಗೆ.

ಒಂದು ಕೆಲಸ ಮಾಡಿ. ನಿಮ್ಮ ಟರ್ಮಿನಲ್ ಹಿಸ್ಟರಿ (ಟೈಪ್ ಮಾಡಿದ ಕಮಾಂಡುಗಳ ಪಟ್ಟಿ), ಗಿಟ್ ಲಾಗ್ (ಕೋಡಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ), ಆಫೀಸಿನ ಚಾಟ್‌ನಲ್ಲಿ ನೀವು ಬೈದುಕೊಂಡ ಮೆಸೇಜುಗಳು, ಇವನ್ನು ಒಂದು ತಿಂಗಳ ಹಿಂದಕ್ಕೆ ಓದಿ. ಎಲ್ಲಿ ಅರ್ಧ ದಿನ ಹೋಗಿದೆ? ಸರಿಮಾಡಿದ ಮೇಲೆ ಪಕ್ಕದ ಸೀಟಿನವರನ್ನು ಕರೆದು "ಬಾ, ಇಲ್ಲಿ ನೋಡು" ಅಂದದ್ದು ಯಾವಾಗ? ಅದೇ ನಿಮ್ಮ ವಿಷಯ.

ಸಣ್ಣದು ಅನ್ನಿಸುತ್ತಾ? 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಅನ್ನುವ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್‌ಗೆ ಎಸ್‌ಎಸ್‌ಎಚ್ ಲಾಗಿನ್ (ಬೇರೆ ಕಡೆಯಿಂದ ಕಂಪ್ಯೂಟರಿನ ಒಳಗೆ ಹೋಗುವ ದಾರಿ) ಸುಮಾರು ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ನಾವಾಗಿದ್ದರೆ ವೈಫೈಗೆ ಶಾಪ ಹಾಕಿ ಕಾಫಿಗೆ ಎದ್ದು ಹೋಗುತ್ತಿದ್ದೆವು. ಅವರು ಜಾಡು ಹಿಡಿದು ಹೋದರು. ಎಕ್ಸ್‌ಝಡ್ ಅನ್ನುವ ಕಂಪ್ರೆಶನ್ ಟೂಲಿನ ಒಳಗೆ ಯಾರೋ ಬೇಕಂತಲೇ ಇಟ್ಟಿದ್ದ ಹಿಂಬಾಗಿಲು ಸಿಕ್ಕಿತು. ಆ ಕಥೆಯನ್ನು ಯಾರು ಎಲ್ಲಿ ಹೇಳಿದರೂ ಆ ಅರ್ಧ ಸೆಕೆಂಡಿನಿಂದಲೇ ಶುರು ಮಾಡುತ್ತಾರೆ, ಆ ಟೂಲಿನ ಆರ್ಕಿಟೆಕ್ಚರ್‌ನಿಂದ ಅಲ್ಲ.

ವಿಷಯ ಸಿಕ್ಕ ಮೇಲೆ ಲೈಸೆನ್ಸ್ ಫೈಲ್ ತೆಗೆದು ಓದಿ. ಓಪನ್ ಸೋರ್ಸ್ ಅಂತ ನೀವು ಅಂದುಕೊಂಡದ್ದು ಈಗಲೂ ಹಾಗೇ ಇದೆಯಾ? ಸರ್ವರ್‌ಗಳನ್ನು ಕೋಡಿನಿಂದಲೇ ಸಜ್ಜು ಮಾಡುವ ಟೆರಾಫಾರ್ಮ್ 2023ರ ಆಗಸ್ಟ್‌ನಲ್ಲಿ ಲೈಸೆನ್ಸ್ ಬದಲಾಯಿಸಿತು, ಅದರಿಂದ ಓಪನ್‌ಟೋಫು ಕವಲೊಡೆಯಿತು. ರೆಡಿಸ್ ಅನ್ನುವ ಡೇಟಾಬೇಸ್ 2024ರ ಮಾರ್ಚಿನಲ್ಲಿ ಬದಲಾಯಿಸಿತು, ಅದರಿಂದ ವಾಲ್ಕಿ ಹುಟ್ಟಿತು, 2025ರಲ್ಲಿ ರೆಡಿಸ್ ಮತ್ತೆ ಎಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆಯನ್ನೂ ಸೇರಿಸಿತು. ಓಪನ್ ಸೋರ್ಸ್ ಕಾನ್ಫರೆನ್ಸಿನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡವರು ಒಬ್ಬರಾದರೂ ಇರುತ್ತಾರೆ. ನಿಮ್ಮ ಎರಡನೇ ಸ್ಲೈಡಿಗೇ ಅವರ ಕೈ ಮೇಲೆ ಹೋದರೆ ಟಾಕ್ ಅಲ್ಲಿಗೇ ಮುಗಿದ ಹಾಗೆ.

ಆಮೇಲೆ ಟೂಲಿನ ಮೇಂಟೇನರ್‌ಗೆ, ಅಂದರೆ ಅದನ್ನು ನೋಡಿಕೊಳ್ಳುವವರಿಗೆ, ಒಂದು ಸಣ್ಣ ಮೇಲ್ ಹಾಕಿ: ಇಂಥ ಕಡೆ, ಇಂಥ ವಿಷಯದ ಬಗ್ಗೆ ಮಾತಾಡುತ್ತಿದ್ದೇನೆ, ಇಂಥ ತೊಂದರೆ ತೋರಿಸುತ್ತೇನೆ, ನಾನು ತಪ್ಪು ತಿಳಿದುಕೊಂಡಿದ್ದರೆ ಹೇಳಿ. ಎಷ್ಟೋ ಜನ ಉತ್ತರ ಬರೆಯುತ್ತಾರೆ, ಯಾಕಂದರೆ ಸಾಮಾನ್ಯವಾಗಿ ಅವರಿಗೆ ಬರುವ ಮೇಲ್‌ಗಳಲ್ಲಿ ಬೈಗುಳವೇ ಜಾಸ್ತಿ. ಬಗ್ ಇದ್ದರೆ ಟಾಕ್‌ಗೆ ಮುಂಚೆಯೇ ಟೂಲಿನ ಪುಟದಲ್ಲಿ ಇಶ್ಯೂ ಹಾಕಿ, ಅಂದರೆ ತೊಂದರೆ ಬರೆದು ತಿಳಿಸಿ. ಅಲ್ಲಿ ಬಾಯಿ ಮುಚ್ಚಿಕೊಂಡು ಇಲ್ಲಿ ಸ್ಟೇಜ್ ಮೇಲೆ ಮುನ್ನೂರು ಜನರೆದುರು ನಗಾಡೋದು ಚೆನ್ನಾಗಿರಲ್ಲ. ಸಂಬಳ ಇಲ್ಲದೆ ರಾತ್ರಿ ಕೂತು ಅದನ್ನು ಬರೆದವರು ಆ ವಿಡಿಯೋ ನೋಡೇ ನೋಡುತ್ತಾರೆ.

ಆಫೀಸಿನ ಕೆಲಸದಲ್ಲಿ ಸಿಕ್ಕ ವಿಷಯವಾದರೆ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ "ಓಕೆ ಓಕೆ" ಆಮೇಲೆ ನೆರವಿಗೆ ಬರುವುದಿಲ್ಲ.

ಎಲ್ಲಿ ಮಾತಾಡೋದು

ಬೆಂಗಳೂರಿನವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಆದ ಓಪನ್ ಸೋರ್ಸ್ ಸಮ್ಮೇಳನ 2012ರವರೆಗೆ ಇಲ್ಲೇ ನಡೆಯಿತು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ನಡೆದದ್ದು ನಮ್ಮ ಐಐಎಸ್‌ಸಿಯಲ್ಲಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಈಗ ಫಾಸ್ ಯುನೈಟೆಡ್ ಸಂಸ್ಥೆ ನಡೆಸುವ ಇಂಡಿಯಾಫಾಸ್ ಸಮ್ಮೇಳನ ಇದೆ. 2024ರಲ್ಲಿ ಇಂಡಿಯಾಫಾಸ್, ಪೈಕಾನ್ ಇಂಡಿಯಾ ಎರಡೂ ಹೊಸೂರು ರಸ್ತೆಯ ಅದೇ ನಿಮ್ಹಾನ್ಸ್ ಕನ್ವೆನ್ಶನ್ ಸೆಂಟರ್‌ನಲ್ಲಿ, ಅದೇ ಸೆಪ್ಟೆಂಬರ್ ತಿಂಗಳಲ್ಲಿ ನಡೆದವು. ಹ್ಯಾಸ್‌ಗೀಕ್‌ನವರ ರೂಟ್‌ಕಾನ್ಫ್ ಅನ್ನುವ ಕಾನ್ಫರೆನ್ಸ್ ಇದೆ. ಪೈಥಾನ್‌ನವರಿಗೆ ಬ್ಯಾಂಗ್‌ಪೈಪರ್ಸ್ ಮೀಟಪ್ ಇದೆ.

ನೇರವಾಗಿ ದೊಡ್ಡ ಸ್ಟೇಜಿಗೆ ಹಾರಬೇಡಿ. ಮೊದಲು ಮೀಟಪ್. ಆಯೋಜಕರು ಮಾತಾಡುವವರನ್ನು ಹುಡುಕಿಕೊಂಡೇ ಇರುತ್ತಾರೆ, ನೀವಾಗಿ ಕೇಳಿದರೆ ಖುಷಿಪಡುತ್ತಾರೆ. ಆಮೇಲೆ ಕಾನ್ಫರೆನ್ಸಿಗೆ ಸುಮ್ನೆ ಕೇಳೋಕೆ ಹೋಗಿ, ಲೈಟ್ನಿಂಗ್ ಟಾಕ್ ಇದೆಯಾ ನೋಡಿ. ಐದು ನಿಮಿಷ, ಎಷ್ಟೋ ಕಡೆ ಅದೇ ದಿನ ಹೆಸರು ಬರೆಸಬಹುದು. ಚೆನ್ನಾಗಿ ಬರಲಿಲ್ಲ ಅಂದರೂ ಐದು ನಿಮಿಷದ ಮಾನ ಅಷ್ಟೇ ಹೋಗೋದು.

ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಬ್ರಸೆಲ್ಸ್‌ನ ಓಪನ್ ಸೋರ್ಸ್ ಸಮ್ಮೇಳನ ಫಾಸ್ಡೆಮ್ ತಲೆಯಲ್ಲಿಟ್ಟುಕೊಳ್ಳಿ. ಪ್ರತಿ ವರ್ಷ ಫೆಬ್ರವರಿ ಆಸುಪಾಸಿನಲ್ಲಿ ಅಲ್ಲಿನ ಯುಎಲ್‌ಬಿ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ. ಟಿಕೆಟ್ ಇಲ್ಲ, ಹೆಸರು ನೋಂದಾಯಿಸುವುದೂ ಇಲ್ಲ, ಸೀದಾ ಒಳಗೆ ಹೋಗೋದೇ. ರೂಮ್ ತುಂಬಿದರೆ ಬಾಗಿಲಲ್ಲಿ ತುಂಬಿದೆ ಅಂತ ಬೋರ್ಡ್ ಹಾಕುತ್ತಾರೆ, ಯಾರಾದರೂ ಹೊರಗೆ ಬರುವವರೆಗೆ ಕಾಯಬೇಕು. ಅಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಡೆವ್‌ರೂಮ್ ಇರುತ್ತದೆ, ಆಯಾ ರೂಮಿನವರೇ ತಮ್ಮ ಟಾಕ್‌ಗಳನ್ನು ಆರಿಸಿಕೊಳ್ಳುತ್ತಾರೆ. ಹಾಗಾಗಿ ಇಡೀ ಫಾಸ್ಡೆಮ್‌ಗೆ ಅಂತ ಬರೆಯಬೇಡಿ, ಆ ರೂಮಿಗೆ ಅಂತ ಬರೆಯಿರಿ. ಷೆಂಗೆನ್ ವೀಸಾಗೆ ಟೈಮ್ ಬೇಕು, ಆಯ್ಕೆಯಾದ ದಿನವೇ ಆಮಂತ್ರಣ ಪತ್ರ ಸಿಗುತ್ತಾ ಅಂತ ಕೇಳಿ.

ದುಡ್ಡಿನ ಮಾತೂ ಮೊದಲೇ ಆಡಿಬಿಡಿ. ಸಮುದಾಯದ ಕಾನ್ಫರೆನ್ಸುಗಳಲ್ಲಿ ಮಾತಾಡಿದ್ದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಕೆಲವು ಕಡೆ ಪ್ರಯಾಣದ ಖರ್ಚಿಗೆ ನೆರವು ಇರುತ್ತದೆ, ಕೇಳಿದವರಿಗೆ ಸಿಗುತ್ತದೆ. ಹುಬ್ಬಳ್ಳಿಯಿಂದ, ಮಂಗಳೂರಿನಿಂದ ಬರುವವರು ನಾಚಿಕೊಂಡು ಸ್ವಂತ ದುಡ್ಡು ಹಾಕಿ ಬರುತ್ತಾರೆ, ಇಲ್ಲವಾದರೆ ಬರೋದೇ ಇಲ್ಲ. ಕೇಳಿ ಮಾರಾಯ್ರೇ.

ಪ್ರಸ್ತಾವ ಬರೆಯೋದು

ಕಾನ್ಫರೆನ್ಸಿನವರು ಸಿಎಫ್‌ಪಿ ತೆರೆದಾಗ, ಅಂದರೆ ಟಾಕ್‌ಗಳ ಪ್ರಸ್ತಾವ ಕಳಿಸಿ ಅಂತ ಕರೆದಾಗ, ಒಂದು ಫಾರಂ ತುಂಬಬೇಕು. ನಾನು ಮೊದಲು ತುಂಬಿದ್ದು ಹೆಚ್ಚುಕಡಿಮೆ ಹೀಗಿತ್ತು:

"ಟೆಸರಾಕ್ಟ್ ಒಂದು ಶಕ್ತಿಶಾಲಿ ಓಪನ್ ಸೋರ್ಸ್ ಓಸಿಆರ್ ಇಂಜಿನ್. ಈ ಟಾಕ್‌ನಲ್ಲಿ ಅದರ ಪರಿಚಯ, ವೈಶಿಷ್ಟ್ಯಗಳು, ಬಳಕೆ ಮತ್ತು ಭವಿಷ್ಯದ ಬಗ್ಗೆ ತಿಳಿಯೋಣ."

ಆಯ್ಕೆಯಾಗಲಿಲ್ಲ. ಆಗಬಾರದಿತ್ತು ಕೂಡ. ಟೆಸರಾಕ್ಟ್ ತೆಗೆದು ಬೇರೆ ಯಾವ ಟೂಲಿನ ಹೆಸರು ಹಾಕಿದರೂ ಈ ಎರಡು ಸಾಲು ಹಾಗೇ ನಿಲ್ಲುತ್ತವೆ. ಮುಂದಿನ ವರ್ಷ ಬರೆದದ್ದು ಇದು:

"ಹಳೆ ಕನ್ನಡ ಪುಸ್ತಕವೊಂದನ್ನು ಟೆಸರಾಕ್ಟ್‌ನಿಂದ ಓದಿಸಿದೆ. ಪುಟ ನೋಡಿದರೆ ಸರಿಯಾಗಿದೆ, ಬೆಂಗಳೂರು ಅಂತ ಹುಡುಕಿದರೆ ಸಿಗುವುದಿಲ್ಲ. ಕಾರಣ ಒಂದು ಸೊನ್ನೆ. ಅದನ್ನು ಹೇಗೆ ಪತ್ತೆಹಚ್ಚಿದೆ, ಹೇಗೆ ಸರಿಮಾಡಿದೆ, ಇನ್ನೂ ಯಾವ ತಪ್ಪುಗಳು ಉಳಿದಿವೆ ಅಂತ ತೋರಿಸುತ್ತೇನೆ. ತೆಲುಗು, ಮಲಯಾಳದಲ್ಲೂ ಇದೇ ಸೊನ್ನೆ ಇದೇ ತೊಂದರೆ ಕೊಡುತ್ತದೆ. ಓಸಿಆರ್ ಬಗ್ಗೆ ಮೊದಲೇ ಗೊತ್ತಿರಬೇಕಾಗಿಲ್ಲ, ಯೂನಿಕೋಡ್ ಅಂದರೇನು ಅಂತ ಗೊತ್ತಿದ್ದರೆ ಸಾಕು."

ಇದು ಆಯ್ಕೆಯಾಯಿತು. ಯಾಕೆ ಅಂತ ಆಮೇಲೆ ಯೋಚಿಸಿದೆ. ಆರಿಸುವವರು ಸಂಜೆ ಆಫೀಸ್ ಮುಗಿಸಿ ಬಂದು ಪ್ರಸ್ತಾವಗಳ ರಾಶಿ ಓದುವ ಸ್ವಯಂಸೇವಕರು. ಇವರು ಇದನ್ನು ನಿಜವಾಗಿ ಮಾಡಿದ್ದಾರಾ, ಕೇಳಿದವರು ಏನು ಎತ್ತಿಕೊಂಡು ಹೋಗುತ್ತಾರೆ, ಯಾರಿಗೆ ಅರ್ಥವಾಗುತ್ತದೆ, ಈ ಮೂರು ಅವರಿಗೆ ತಕ್ಷಣ ಕಾಣಬೇಕು. ಉಳಿದಿರುವ ತಪ್ಪುಗಳನ್ನೂ ತೋರಿಸುತ್ತೇನೆ ಅಂದದ್ದು ನನಗೆ ಕೆಲಸ ಮಾಡಿತು ಅಂತ ಈಗಲೂ ನಂಬಿದ್ದೇನೆ. ಎಲ್ಲವೂ ಸರಿಯಾಯಿತು ಅನ್ನುವ ಕಥೆಯನ್ನು ಯಾರೂ ನಂಬಲ್ಲ.

ಪೈಕಾನ್ ಇಂಡಿಯಾದಂಥ ಕಡೆ ಹಿಂದಿನ ವರ್ಷಗಳ ಪ್ರಸ್ತಾವಗಳು ಎಲ್ಲರಿಗೂ ಓದಲು ಸಿಗುತ್ತವೆ. ಆಯ್ಕೆಯಾದ ಐದು, ಆಗದ ಐದು ಪಕ್ಕಪಕ್ಕ ಇಟ್ಟು ಓದಿ. ಒಂದು ಗಂಟೆಯ ಕೆಲಸ, ನಾನು ಇಲ್ಲಿ ಬರೆದದ್ದಕ್ಕಿಂತ ಜಾಸ್ತಿ ಕಲಿಸುತ್ತದೆ. ಎಐಗೆ ಹೇಳಿ ಬರೆಸಿದ ಪ್ರಸ್ತಾವ ಮಾತ್ರ ಕಳಿಸಬೇಡಿ. ನನ್ನ ಮೊದಲ ಪ್ರಸ್ತಾವ ಯಾವ ಥರ ಇತ್ತೋ ಅದೇ ಥರ ಇರುತ್ತದೆ, ಸ್ವಲ್ಪ ಪೌಡರ್ ಹಾಕಿಕೊಂಡು ಬಂದಿರುತ್ತದೆ ಅಷ್ಟೇ.

ಬರೆಯೋದಕ್ಕಿಂತ ಕತ್ತರಿಸೋದು ಜಾಸ್ತಿ

ಇಪ್ಪತ್ತೈದು ನಿಮಿಷ ಕೊಟ್ಟರೆ ಇಪ್ಪತ್ತು ನಿಮಿಷ ಅಂತಲೇ ತಿಳಿಯಿರಿ. ಮೈಕ್ ಸಿಕ್ಕಿಸೋಕೆ, ಪ್ರೊಜೆಕ್ಟರ್ ಕಣ್ಣು ಬಿಡೋಕೆ, ಪ್ರಶ್ನೆಗೆ, ಎಲ್ಲ ಅದರಲ್ಲೇ ಬರಬೇಕು.

ನನ್ನ ಸೊನ್ನೆ ಟಾಕಿನ ಮೊದಲ ಕರಡು ನಲವತ್ತು ನಿಮಿಷ ಹಿಡಿಯುತ್ತಿತ್ತು. ಮಗಳು ಹೋಂವರ್ಕ್ ಮಾಡುವ ಮೇಜಿನ ಎದುರು ನಿಂತು, ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಜೋರಾಗಿ ಹೇಳಿದಾಗಲೇ ಅದು ಗೊತ್ತಾದದ್ದು. ಮನಸ್ಸಿನಲ್ಲೇ ಹೇಳಿಕೊಂಡರೆ ಎಲ್ಲ ಟಾಕೂ ಹದಿನೆಂಟು ನಿಮಿಷಕ್ಕೇ ಮುಗಿಯುತ್ತದೆ, ನಂಬಬೇಡಿ. ನಿಂತು, ಬಾಯಿಬಿಟ್ಟು, ಕನಿಷ್ಠ ನಾಲ್ಕು ಸಲ ಹೇಳಿ. ಮೊದಲು ಕತ್ತರಿಸಿದ್ದು ಟೆಸರಾಕ್ಟ್ ಚರಿತ್ರೆ. ಆಮೇಲೆ ಇನ್‌ಸ್ಟಾಲ್. ಪುಟ ವಿಭಾಗಿಸುವ ಹದಿನಾಲ್ಕು ಬಗೆಗಳಲ್ಲಿ ನಾನು ಬಳಸಿದ ಒಂದೇ ಒಂದನ್ನು ಉಳಿಸಿಕೊಂಡೆ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಬೇಕು ಅನ್ನೋದನ್ನು ಉಳಿಸಿದೆ, ಯಾಕಂದರೆ ಫೋನಿನಲ್ಲಿ ಅಡ್ಡಾದಿಡ್ಡಿ ತೆಗೆದ ಫೋಟೋ ಹಾಕಿ "ಟೂಲ್ ಸರಿ ಇಲ್ಲ" ಅನ್ನುವವರಿಗೆ ಆ ಒಂದು ಸಾಲು ಬೇಕೇ ಬೇಕು. ಮ ಮತ್ತು ವು ಒಂದಕ್ಕೊಂದು ಅದಲುಬದಲಾಗುವ ಚಂದದ ಭಾಗವೊಂದಿತ್ತು. ಹಳೆ ಅಚ್ಚಿನಲ್ಲಿ ಮಸಿ ಹರಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದನ್ನು ಬಿಡೋಕೆ ಹೊಟ್ಟೆ ಉರಿಯಿತು, ಆದರೂ ಬಿಟ್ಟೆ, ಸೊನ್ನೆಗೂ ಅದಕ್ಕೂ ಸಂಬಂಧವಿರಲಿಲ್ಲ.

"ನಾನು ಯಾರು" ಅನ್ನುವ ಸ್ಲೈಡಿಗೆ ಹತ್ತು ಸೆಕೆಂಡ್ ಸಾಕು. ಕಂಪನಿಯ ಲೋಗೊ ಒಂದು ಸಲ ಬಂದರೆ ಸಾಕು. ನಿಮ್ಮಲ್ಲಿ ಕೆಲಸ ಖಾಲಿ ಇರುವ ಸುದ್ದಿ ಕಾಫಿ ಹೊತ್ತಿಗೆ ಹೇಳಿಕೊಳ್ಳಿ.

ಡೆಮೊ

ಸ್ಟೇಜ್ ಮೇಲೆ ಲೈವ್ ಡೆಮೊ ಮಾಡಬೇಕಾ? ನನ್ನ ಮಾತು ಕೇಳಿದರೆ, ಒಂದು ನಿಮಿಷದ್ದು ಮಾಡಿ, ಐದು ನಿಮಿಷದ್ದು ಬೇಡ. ಮಾಡುವುದಾದರೂ ಅದನ್ನೇ ಮೊದಲೇ ರೆಕಾರ್ಡ್ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ. ಟರ್ಮಿನಲ್ ಆದರೆ ಆಸ್ಕಿನೆಮಾ, ಇಡೀ ಪರದೆ ಆದರೆ ಓಬಿಎಸ್, ಎರಡೂ ಓಪನ್ ಸೋರ್ಸ್. ಕಾನ್ಫರೆನ್ಸ್ ವೈಫೈ ಇರುತ್ತದೆ ಅಂತ ಲೆಕ್ಕಕ್ಕೇ ಹಿಡಿಯಬೇಡಿ. ಬೇಕಾದ ಪ್ಯಾಕೇಜು, ಕಂಟೇನರ್ ಇಮೇಜು, ಭಾಷೆಯ ಡೇಟಾ ಎಲ್ಲ ಹಿಂದಿನ ದಿನವೇ ಇಳಿಸಿ, ವೈಫೈ ಆಫ್ ಮಾಡಿ ಡೆಮೊ ಓಡಿಸಿ ನೋಡಿ. ಆಗ ಓಡಿದರೆ ಮಾತ್ರ ಓಡುತ್ತದೆ ಅಂತ ಅರ್ಥ. ಕೋಡ್ ಹಂತಹಂತವಾಗಿ ಬದಲಾಗುವುದಾದರೆ ಪ್ರತಿ ಹಂತಕ್ಕೂ ಒಂದು ಗಿಟ್ ಟ್ಯಾಗ್ ಹಾಕಿಡಿ. ಸ್ಟೇಜ್ ಮೇಲೆ ಟೈಪ್ ಮಾಡುವಾಗ ಕೈ ನಡುಗಿ ಎಡವಟ್ಟಾದರೆ ಮುಂದಿನ ಟ್ಯಾಗಿಗೆ ಹಾರಿಬಿಡಿ, ಯಾರಿಗೂ ಗೊತ್ತಾಗಲ್ಲ.

ಲ್ಯಾಪ್‌ಟಾಪ್‌ನಲ್ಲಿ ಡೆಮೊಗೆ ಅಂತಲೇ ಬೇರೆ ಯೂಸರ್ ಅಕೌಂಟ್ ಮಾಡಿಕೊಳ್ಳಿ. ಖಾಲಿ ಡೆಸ್ಕ್‌ಟಾಪ್, ಖಾಲಿ ಹಿಸ್ಟರಿ, ಯಾವ ಪಾಸ್‌ವರ್ಡೂ ಇಲ್ಲ, ಯಾವ ಚಾಟೂ ಇಲ್ಲ. ನಾನಿದನ್ನು ಕಲಿತದ್ದು ಅಮ್ಮನಿಂದ. ನೂರಾರು ಜನರೆದುರು, ಯೂನಿಕೋಡ್ ಟೇಬಲ್ ಮೇಲೆ, ಬಲಮೂಲೆಯಲ್ಲಿ ಟಣ್ ಅಂತ ಬಂತು: "ಗ್ಯಾಸ್ ಬುಕ್ ಮಾಡಿದ್ಯಾ?" ಅವತ್ತಿನ ದೊಡ್ಡ ಚಪ್ಪಾಳೆ ಅದಕ್ಕೇ ಬಿದ್ದದ್ದು. ನಗುವಿನಲ್ಲಿ ಮುಗಿಯಿತು ಸರಿ, ಅದೇ ಜಾಗದಲ್ಲಿ ಎಪಿಐ ಕೀ (ಪಾಸ್‌ವರ್ಡ್ ಥರದ ಗುಟ್ಟಿನ ಸಂಕೇತ) ಕಂಡಿದ್ದರೆ ವಿಡಿಯೋದಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು.

ಕನ್ನಡ ತೋರಿಸುವವರಿಗೆ ಒಂದು ಬೇರೆಯೇ ತಲೆನೋವಿದೆ. ಟರ್ಮಿನಲ್ ಅನ್ನೋದು ಒಂದೇ ಅಳತೆಯ ಚೌಕಗಳ ಹಾಳೆ, ಇಂಗ್ಲಿಷ್ ಅಕ್ಷರಕ್ಕೆ ಅಂತ ಹೊಲಿದ ಅಂಗಿ. ಅದರಲ್ಲಿ ನಮ್ಮ ಒತ್ತಕ್ಷರ ಎಲ್ಲೋ ಬೀಳುತ್ತದೆ, ಕೊಂಬು ಇನ್ನೆಲ್ಲೋ. ನೀವು ತಪ್ಪು ಓದಿಸಿದ್ದೀರಿ ಅಂತ ಜನ ಅಂದುಕೊಳ್ಳುತ್ತಾರೆ. ಅದಕ್ಕೇ ಕಮಾಂಡನ್ನು ಟರ್ಮಿನಲ್‌ನಲ್ಲಿ ಓಡಿಸಿ, ಬಂದ ಕನ್ನಡವನ್ನು ಬ್ರೌಸರ್‌ನಲ್ಲಿ ತೆರೆದು ತೋರಿಸಿ. ಸ್ಲೈಡುಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಆಯೋಜಕರ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಇಡೀ ಸ್ಲೈಡ್ ಡಬ್ಬಿ ಡಬ್ಬಿಯಾಗಿ ಬರುತ್ತದೆ, ಪಿಡಿಎಫ್ ಆದರೆ ಫಾಂಟ್ ಒಳಗೇ ಕೂತಿರುತ್ತದೆ.

ನನ್ನ ಡೆಮೊದ ಕಷ್ಟ ಇನ್ನೂ ವಿಚಿತ್ರ. ತಪ್ಪು ಕಣ್ಣಿಗೆ ಕಾಣೋದೇ ಇಲ್ಲ! ಎರಡು ಸೊನ್ನೆ ಪಕ್ಕಪಕ್ಕ ಇಟ್ಟು "ನೋಡಿ ವ್ಯತ್ಯಾಸ" ಅಂದರೆ ಜನ ನನ್ನನ್ನೇ ನೋಡುತ್ತಾರೆ. ಹಾಗಾಗಿ ಹೀಗೆ ಮಾಡಿದೆ. ಬ್ರೌಸರ್‌ನಲ್ಲಿ ಪುಟ ತೆರೆದೆ. ಬೆಂಗಳೂರು ಅನ್ನುವ ಪದ ದೊಡ್ಡದಾಗಿ ಮಧ್ಯದಲ್ಲೇ ಇದೆ. ಕಂಟ್ರೋಲ್ ಎಫ್ ಒತ್ತಿ ಅದೇ ಪದ ಟೈಪ್ ಮಾಡಿದೆ. ಮೂಲೆಯಲ್ಲಿ ಸೊನ್ನೆ ಫಲಿತಾಂಶ ಅಂತ ಬಂತು. ಏನೂ ಹೇಳದೆ ಐದು ಸೆಕೆಂಡ್ ಸುಮ್ಮನೆ ನಿಂತೆ. ಹಿಂದಿನಿಂದ ಯಾರೋ "ಸ್ಪೆಲಿಂಗ್ ಚೆಕ್ ಮಾಡಿ" ಅಂದರು. ಮತ್ತೆ ಟೈಪ್ ಮಾಡಿದೆ, ಮತ್ತೆ ಸೊನ್ನೆ. ಆಮೇಲಷ್ಟೇ ಪ್ರತಿ ಅಕ್ಷರದ ಕೆಳಗೆ ಅದರ ಯೂನಿಕೋಡ್ ಸಂಖ್ಯೆ ತೋರಿಸುವ ಸ್ಲೈಡ್ ತೆಗೆದೆ. ಒಂದರಲ್ಲಿ 0ಸಿ82, ಇನ್ನೊಂದರಲ್ಲಿ 0ಸಿಇ6. ಇಡೀ ಹಾಲ್ "ಓಓಓ" ಅಂತು. ಆ "ಓಓಓ" ಎಲ್ಲಿ ಬರಬೇಕು ಅಂತ ಮೊದಲು ತೀರ್ಮಾನ ಮಾಡಿ. ಉಳಿದ ಸ್ಲೈಡುಗಳನ್ನು ಅದರ ಹಿಂದೆ ಮುಂದೆ ಜೋಡಿಸಿ.

ಅಕ್ಷರ ದೊಡ್ಡದಿರಲಿ. ನಿಮಗೆ ನಾಚಿಕೆ ಆಗುವಷ್ಟು ದೊಡ್ಡದು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಕಪ್ಪು ಟರ್ಮಿನಲ್ ಮನೆಯಲ್ಲಿ ಚಂದ, ಹಾಲ್‌ನಲ್ಲಿ ಲೈಟ್ ಹಾಕಿದರೆ ಏನೂ ಕಾಣಲ್ಲ.

ಯಾವ ಭಾಷೆಯಲ್ಲಿ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸ್ಟೇಜ್ ಭಯಕ್ಕಿಂತ ಇಂಗ್ಲಿಷ್ ಭಯ ಜಾಸ್ತಿ. ನನಗೂ ಇತ್ತು, ಈಗಲೂ ಸ್ವಲ್ಪ ಇದೆ. ನನಗೆ ನೆರವಾದದ್ದು ಎರಡು. ಮೊದಲ ಎರಡು ನಿಮಿಷದ ಮಾತನ್ನು ಪದಕ್ಕೆ ಪದ ಬರೆದು ಬಾಯಿಪಾಠ ಮಾಡಿದೆ, ಅಷ್ಟು ದಾಟಿದರೆ ಬಾಯಿ ತಾನಾಗೇ ಓಡುತ್ತದೆ. ಇನ್ನೊಂದು, "ನನ್ನ ಇಂಗ್ಲಿಷ್ ಚೆನ್ನಾಗಿಲ್ಲ, ಕ್ಷಮಿಸಿ" ಅನ್ನೋದನ್ನು ಬಿಟ್ಟೆ. ಹಾಗಂದ ತಕ್ಷಣ ಜನ ವಿಷಯ ಬಿಟ್ಟು ಇಂಗ್ಲಿಷ್ ಕೇಳೋಕೆ ಶುರು ಮಾಡುತ್ತಾರೆ. ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯ ಹೇಳಿ. ಫಾಸ್ಡೆಮ್‌ನಲ್ಲಿ ಮಾತಾಡುವ ಜರ್ಮನ್ನರು, ಫ್ರೆಂಚರ ವಿಡಿಯೋ ನೋಡಿ, ಒಬ್ಬೊಬ್ಬರ ಇಂಗ್ಲಿಷ್ ಒಂದೊಂದು ಥರ, ಯಾರೂ ಕ್ಷಮೆ ಕೇಳಲ್ಲ.

ಹಾಸನದ ಪಾಲಿಟೆಕ್ನಿಕ್ಕೋ ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜೋ ಕರೆದರೆ ಕನ್ನಡದಲ್ಲೇ ಮಾತಾಡಿ. ಕಮಿಟ್, ಪುಶ್, ಬ್ರ್ಯಾಂಚ್ ಎಲ್ಲ ಹಾಗೇ ಇರಲಿ, ಅವಕ್ಕೆ ಅಲ್ಲೇ ನಿಂತು ಹೊಸ ಪದ ಟಂಕಿಸೋಕೆ ಹೋಗಬೇಡಿ. "ಕಮಿಟ್ ಮಾಡೋಕೆ ಮುಂಚೆ ಡಿಫ್ ನೋಡ್ಕೊಳ್ಳಿ" ಅನ್ನೋದು ಪೂರ್ತಿ ಕನ್ನಡವೇ. ಅಲ್ಲಿ ಬರುವ ಪ್ರಶ್ನೆಗಳು ಬೆಂಗಳೂರಿನ ಹಾಲ್‌ಗಳಲ್ಲಿ ಬರುವುದಕ್ಕಿಂತ ನೇರ. "ಇದ್ರಿಂದ ಕೆಲಸ ಸಿಗುತ್ತಾ ಸರ್?" ಅದಕ್ಕೂ ಉತ್ತರ ಇಟ್ಟುಕೊಂಡು ಹೋಗಿ.

ಆ ದಿನ, ಮತ್ತು ಪ್ರಶ್ನೆಗಳು

ಎಚ್‌ಡಿಎಂಐ ಡಾಂಗಲ್ ನಿಮ್ಮದೇ ತನ್ನಿ. ಚಾರ್ಜರ್ ತನ್ನಿ. ಹಿಂದಿನ ವಿರಾಮದಲ್ಲೇ ಹೋಗಿ ಪ್ರೊಜೆಕ್ಟರ್‌ಗೆ ಸಿಕ್ಕಿಸಿ ನೋಡಿ, ಲಿನಕ್ಸ್ ಬಗ್ಗೆ ಮಾತಾಡುವವರ ಲಿನಕ್ಸ್ ಲ್ಯಾಪ್‌ಟಾಪೇ ಪ್ರೊಜೆಕ್ಟರ್ ಹಿಡಿಯದೆ ನಿಂತಾಗ ಆಗುವ ಅವಮಾನ ಬೇರೆ ಥರದ್ದು. ಪಿಡಿಎಫ್ ಒಂದು ಪೆನ್‌ಡ್ರೈವ್‌ನಲ್ಲಿರಲಿ. ನೀರು ಕುಡಿಯಿರಿ. ಊಟ ಕಡಿಮೆ ಮಾಡಿ, ಬಿಸಿಬೇಳೆಬಾತ್ ಆಮೇಲೂ ಇರುತ್ತದೆ.

ಪ್ರಶ್ನೆ ಬಂದಾಗ ಅದನ್ನು ನೀವೊಂದು ಸಲ ಮೈಕ್‌ನಲ್ಲಿ ಹೇಳಿ, ಆಮೇಲೆ ಉತ್ತರ ಕೊಡಿ. ಕೇಳಿದವರ ದನಿ ವಿಡಿಯೋದಲ್ಲಿ ಬರುವುದಿಲ್ಲ. ನಿಮಗೂ ಯೋಚಿಸೋಕೆ ಐದು ಸೆಕೆಂಡ್ ಸಿಗುತ್ತದೆ. ಪ್ರಶ್ನೆ ಅಂತ ಎದ್ದು ತಮ್ಮ ಅನುಭವ ಹೇಳುವ ಹಿರಿಯರು ಒಬ್ಬರು ಇದ್ದೇ ಇರುತ್ತಾರೆ. "ಆಮೇಲೆ ಕಾಫಿ ಕುಡೀತಾ ಮಾತಾಡೋಣ ಸರ್" ಅಂತ ನಕ್ಕು ಮುಂದಿನ ಕೈ ತೋರಿಸಿ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಇದನ್ನು ನಾನು ಆ ಸೊನ್ನೆ ಟಾಕಿನ ಕೊನೆಯಲ್ಲಿ, ನೂರಾರು ಜನರೆದುರು ಅನ್ನಬೇಕಾಯಿತು. ಪರಿಹಾರ ಅಂತ ನಾನು ತೋರಿಸಿದ್ದು ಒಂದೇ ಸಾಲು: ಪುಸ್ತಕದಲ್ಲಿರುವ ಅಂಕಿಯ ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿಬಿಡು. ಚಪ್ಪಾಳೆ ಆಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಕೈ ಎತ್ತಿದರು. "ಹಾಗಾದ್ರೆ ೧೦೦ ಏನಾಗುತ್ತೆ?"

ಪ್ರಶ್ನೆಯನ್ನು ಮೈಕ್‌ನಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಹೊಟ್ಟೆಯಲ್ಲಿ ಏನೋ ಆಯಿತು. ಪುಸ್ತಕದಲ್ಲಿದ್ದ ನೂರು, ಇನ್ನೂರು, ಸಾವಿರಗಳೆಲ್ಲ ನನ್ನ ಒಂದು ಸಾಲಿನಿಂದ ಹಾಳಾಗಿದ್ದವು. ೧ರ ಮುಂದೆ ಎರಡು ಅನುಸ್ವಾರ. ಕಣ್ಣಿಗೆ ಮಾತ್ರ ಸರಿಯಾಗಿಯೇ ಕಾಣುತ್ತಿದ್ದವು, ನಾನು ಅರ್ಧ ದಿನ ಹುಡುಕಿದ ಅದೇ ಕಾಯಿಲೆ ತಿರುಗುಮುರುಗಾಗಿ. "ಅದು ನನಗೆ ಹೊಳೆದೇ ಇರಲಿಲ್ಲ, ಇವತ್ತು ಗೊತ್ತಾಯ್ತು" ಅಂದೆ. ಹಾಲ್ ನಕ್ಕಿತು. ಅವರೂ ನಕ್ಕರು.

ಟಾಕ್ ಮುಗಿದ ಮೇಲೆ ಸ್ಲೈಡ್, ಕೋಡ್, ಮಾದರಿ ಪುಟಗಳನ್ನು ಅದೇ ದಿನ ಹಾಕಿಬಿಡಿ, ನಾಳೆ ಅಂದರೆ ಎಂದೂ ಆಗಲ್ಲ. ಸ್ಲೈಡಿಗೂ ಲೈಸೆನ್ಸ್ ಬೇಕು, ಸಿಸಿ ಬೈ ಎಸ್‌ಎ (ನಿಮ್ಮ ಹೆಸರು ಹೇಳಿ, ಅದೇ ಲೈಸೆನ್ಸಿನಲ್ಲಿ ಹಂಚಬಹುದು ಅನ್ನುವ ಲೈಸೆನ್ಸ್) ಹಾಕಿದರೆ ಬೇರೆಯವರು ತಮ್ಮ ಕಾಲೇಜಿನಲ್ಲಿ ಬಳಸಿಕೊಳ್ಳಬಹುದು. ಹಾಕಿದ ಮೇಲೆ ಓಡಿಹೋಗಬೇಡಿ, ಕಾಫಿ ಕ್ಯೂನಲ್ಲಿ ನಿಲ್ಲಿ. ನಾಚಿಕೆಯಿಂದ ಮೈಕ್ ಹಿಡಿಯದವರು ಅಲ್ಲಿ ಬಂದು ಕೇಳುತ್ತಾರೆ.

ನಾನು ನಿಂತಿದ್ದೆ. ೧೦೦ ಕೇಳಿದವರು ಕಾಫಿ ಲೋಟ ಕಿಟಕಿಯ ಮೇಲಿಟ್ಟು, ಟಿಶ್ಯೂ ಪೇಪರ್ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದರು: ಸೊನ್ನೆಯ ಹಿಂದೆ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದರೆ ಮಾತ್ರ ಬದಲಾಯಿಸು, ಅಂಕಿ ಇದ್ದರೆ, ಖಾಲಿ ಜಾಗ ಇದ್ದರೆ ಮುಟ್ಟಬೇಡ. ಅವರದು ತೆಲುಗು ಪುಸ್ತಕಗಳ ಕೆಲಸವಂತೆ, ಅದೇ ಗುಂಡಿಗೆ ಅವರೂ ಬಿದ್ದು ಎದ್ದಿದ್ದರು. ಸಂಜೆ ಬಸ್ಸಿನಲ್ಲಿ ಕೂತು ಅದನ್ನು ಕೋಡಿಗೆ ಸೇರಿಸಿದೆ. ಕಮಿಟ್ ಮೆಸೇಜಿನಲ್ಲಿ ಅವರ ಹೆಸರಿದೆ. ಟಿಶ್ಯೂ ಪೇಪರ್ ಇನ್ನೂ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇದೆ, ಪಕ್ಕದಲ್ಲಿ ಡಾಂಗಲ್.